ಜರ್ಮನಿಯ ಸಣ್ಣ ಊರಲ್ಲಿದ್ದೀರಾ? ಫೊಯರ್‌ವೇರ್ (ಅಗ್ನಿಶಾಮಕ ದಳ) ಸೇರಿ

ಜರ್ಮನಿಯ ಸಣ್ಣ ಊರಲ್ಲಿ 112ಕ್ಕೆ ಫೋನ್ ಮಾಡಿದರೆ ಬೆಂಕಿ ಆರಿಸಲು ಬರುವವರು ಹೆಚ್ಚಾಗಿ ಸಂಬಳದ ನೌಕರರಲ್ಲ. ಎಲೆಕ್ಟ್ರಿಷಿಯನ್, ಬೇಕರಿಯವರು, ಮಕ್ಕಳ ಟೀಚರ್, ಹೀಗೆ ಊರಿನವರೇ ಕೈಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾರೆ. ಭಾರತದಲ್ಲಿ ಅಗ್ನಿಶಾಮಕ ಅಂದರೆ ಸರ್ಕಾರಿ ಇಲಾಖೆ, ಅಲ್ವಾ? ಇಲ್ಲಿ ಬಾಡೆನ್-ವುರ್ಟೆಂಬರ್ಗ್ ರಾಜ್ಯವನ್ನೇ ನೋಡಿ, ಸಂಬಳದ ದಳ ಕಡ್ಡಾಯ ಆಗುವುದು ಒಂದು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಿಗೆ ಮಾತ್ರ. ಉಳಿದ ಕಡೆ ಭಾರ ಹೊರುವುದು ಫ್ರೈವಿಲ್ಲಿಗೆ ಫೊಯರ್‌ವೇರ್, ಅಂದರೆ ಸ್ವಯಂಸೇವಕರ ದಳ.

ಇವರಿಗೆ ದೊಡ್ಡ ತಲೆನೋವು ಹಗಲು ಹೊತ್ತು. ಸದಸ್ಯರೆಲ್ಲ ಬೇರೆ ಊರಿಗೆ ಕೆಲಸಕ್ಕೆ ಹೋಗಿರುತ್ತಾರೆ, ಗಾಡಿ ಇರುತ್ತದೆ, ಹತ್ತುವವರು ಇರುವುದಿಲ್ಲ. ಇಲ್ಲಿರುವ ಕನ್ನಡಿಗರಲ್ಲಿ ಎಷ್ಟೋ ಜನ ಅದೇ ಹೊತ್ತಿಗೆ ಮನೆಯಿಂದಲೇ ಐಟಿ ಕೆಲಸ ಮಾಡುತ್ತಿರುತ್ತೇವೆ! ಅದಕ್ಕೇ ಹೇಳುತ್ತಿರುವುದು, ನಾವು ಅವರಿಗೆ ನಿಜಕ್ಕೂ ಬೇಕಾದವರು.

ಜರ್ಮನ್ ಪೌರತ್ವ ಬೇಕಿಲ್ಲ. ಬೆಂಕಿಯ ಕೆಲಸಕ್ಕೆ 18 ತುಂಬಿರಬೇಕು, ಆರೋಗ್ಯ ಚೆನ್ನಾಗಿರಬೇಕು, ಗಲಾಟೆಯ ಮಧ್ಯೆ ಕೂಗಿದ ಜರ್ಮನ್ ಅರ್ಥ ಆಗಬೇಕು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆ. ಬಟ್ಟೆ, ಹೆಲ್ಮೆಟ್, ಬೂಟು, ತರಬೇತಿ, ವಿಮೆ ಎಲ್ಲಾ ಊರಾಡಳಿತದ ಖರ್ಚು. ಮೊದಲ ಹಂತ ಟ್ರುಪ್‌ಮನ್ ತರಬೇತಿ, ಸುಮಾರು 70 ಗಂಟೆ, ಹೆಚ್ಚಾಗಿ ಸಂಜೆ ಮತ್ತು ಶನಿವಾರ. ಕೊನೆಗೆ ಪರೀಕ್ಷೆ ಇರುತ್ತದೆ.

ಹೊಗೆಯೊಳಗೆ ಹೋಗಬೇಕೆಂದರೆ ಬೇರೆ ವೈದ್ಯಕೀಯ ತಪಾಸಣೆ ಆಗಬೇಕು. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ಗಾಳಿ ಸೋರುತ್ತದೆ, ಹಾಗಾಗಿ ಬೋಳಿಸಲೇಬೇಕು. ಮಾಮೂಲಿ ಕನ್ನಡಕವೂ ಆಗುವುದಿಲ್ಲ, ಮಾಸ್ಕ್‌ನೊಳಗೆ ಕೂರುವಂಥದ್ದೇ ಬೇಕು. ವರ್ಷಕ್ಕೊಮ್ಮೆ ಅಭ್ಯಾಸಕ್ಕಾಗಿ ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಕತ್ತಲೆಯ ಕಬ್ಬಿಣದ ಪಂಜರದಲ್ಲಿ ತೆವಳಬೇಕು. ಮೊಣಕಾಲು ತರಚುತ್ತದೆ, ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಇದು ಬೇಡ ಅನ್ನಿಸಿದರೂ ಪರವಾಗಿಲ್ಲ, ಪಂಪ್, ರೇಡಿಯೋ, ಹೊರಗಿನ ಕೆಲಸ ಬೇಕಾದಷ್ಟಿದೆ. ಕರೆಗಳೆಲ್ಲ ಬೆಂಕಿಯದ್ದೇ ಅಲ್ಲ. ಬಿರುಗಾಳಿಗೆ ಬಿದ್ದ ಮರ, ರಸ್ತೆಯಲ್ಲಿ ಚೆಲ್ಲಿದ ಎಣ್ಣೆ, ನೀರು ನುಗ್ಗಿದ ನೆಲಮಾಳಿಗೆ, ಕಾರಿನೊಳಗೆ ಸಿಕ್ಕಿಕೊಂಡ ಜನ. ಕೊನೆಯದ್ದು ನೋಡಲು ಕಷ್ಟ, ಆಮೇಲೆ ಕೂತು ಮಾತಾಡಲು ದಳದವರೇ ಜೊತೆಗಿರುತ್ತಾರೆ.

ಪೇಜರ್ ಬಡಿದಾಗ ಕಂಪನಿ ನಿಮ್ಮನ್ನು ಬಿಡಲೇಬೇಕು, ಸಂಬಳ ಕಡಿಯುವಂತಿಲ್ಲ. ಆ ಹೊತ್ತಿನ ಸಂಬಳವನ್ನು ಖಾಸಗಿ ಕಂಪನಿ ಊರಾಡಳಿತದಿಂದ ಕೇಳಿ ಪಡೆಯಬಹುದು. ಆದರೂ ಮ್ಯಾನೇಜರ್‌ಗೆ ಮೊದಲೇ ಹೇಳಿಡಿ.

ಅಭ್ಯಾಸದ ಸಂಜೆಗಳನ್ನು ಮಾತ್ರ ಸುಮ್ನೆ ತಪ್ಪಿಸಬೇಡಿ. ಬರುವವರ ಮೇಲೆ ಮಾತ್ರ ದಳದವರಿಗೆ ನಂಬಿಕೆ ಹುಟ್ಟುತ್ತದೆ, ಅದು ನ್ಯಾಯವೇ.

ಊರಿನ ದಳದ ಮುಖ್ಯಸ್ಥರಿಗೆ (ಕಮಾಂಡೆಂಟ್) ನಾಲ್ಕು ಸಾಲಿನ ಇಮೇಲ್ ಬರೆಯಿರಿ: ಎಲ್ಲಿ ಮನೆ, ಹಗಲು ಯಾವಾಗ ಊರಲ್ಲಿರುತ್ತೀರಿ, ಜರ್ಮನ್ ಎಷ್ಟು ಬರುತ್ತದೆ, ಮುಂದಿನ ಅಭ್ಯಾಸ ನೋಡಲು ಬರಬಹುದಾ ಅಂತ.