ಅಂಡಮಾನ್ ಟಿಕೆಟ್ಟು: ಪರದೆ ಮೇಲಿನ ದರ ಬೇರೆ, ಕೈಬಿಟ್ಟು ಹೋಗುವ ದುಡ್ಡು ಬೇರೆ

ಮಂಡ್ಯದಿಂದ ನಮ್ಮ ಭಾವ ಫೋನ್ ಮಾಡಿದ್ದರು. ‘ಲೋ ಬಾಮೈದ, ಅಂಡಮಾನಿಗೆ ಐದೂಮುಕ್ಕಾಲು ಸಾವ್ರಕ್ಕೆ ಟಿಕೆಟ್ ಐತೆ ಕಣ್ಲಾ. ಒತ್ತಿಬುಡ್ಲಾ?’ ಸ್ವಲ್ಪ ತಡೀರಿ ಭಾವ ಅಂದೆ. ಅಷ್ಟರಲ್ಲಿ ಐದು ಜನಕ್ಕೆ ಒತ್ತಿಯಾಗಿತ್ತು.

ಅವರು ಹೋಗಿ ಬಂದಮೇಲೆ ಕೂತು ಲೆಕ್ಕ ಹಾಕಿದೆವು. ಹೋಗುವ ದಾರಿಯೊಂದಕ್ಕೇ ತಲೆಗೆ ಒಂಬತ್ತು ಸಾವಿರ ದಾಟಿತ್ತು. ಲಗೇಜಿಗೆ ಬೇರೆ ದುಡ್ಡು, ಸೀಟಿಗೆ ಬೇರೆ, ದೇವನಹಳ್ಳಿ ವಿಮಾನ ನಿಲ್ದಾಣದವರೆಗೆ ಟ್ಯಾಕ್ಸಿ, ಜೊತೆಗೆ ಸುಮ್ನೆ ಕಳೆದ ಒಂದು ರಾತ್ರಿಯ ಹೋಟೆಲ್ ಬಾಡಿಗೆ. ವಿಮಾನ ಕಂಪನಿ ಮೋಸ ಮಾಡಿತಾ? ಇಲ್ಲ. ಎಲ್ಲವೂ ಪರದೆ ಮೇಲೆ ಸಣ್ಣ ಅಕ್ಷರದಲ್ಲಿ ಇತ್ತು. ಭಾವ ದೊಡ್ಡ ಅಕ್ಷರ ಮಾತ್ರ ಓದಿದ್ದರು.

ಮೈಸೂರು, ಮಂಡ್ಯದಿಂದ ಹೊರಡುವವರು ಮನೆ ಬಾಗಿಲಿಂದ ಸಮುದ್ರದ ದಡದವರೆಗೆ ಲೆಕ್ಕ ಹಾಕಬೇಕು. ಅದನ್ನು ಹೀಗೆ ಮಾಡಿ.

ಮೊದಲು ದಿನ ಗೊತ್ತುಮಾಡಿ

ಅಂಡಮಾನಿಗೆ ನವೆಂಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಅದರಲ್ಲೇ ಕ್ರಿಸ್‌ಮಸ್, ಹೊಸ ವರ್ಷದ ವಾರಗಳಲ್ಲಿ ದರ ತುಂಬಾ ಜಾಸ್ತಿ. ನಮ್ಮ ದಸರಾ ರಜೆ, ಬೇಸಿಗೆ ರಜೆಯಲ್ಲೂ ಅದೇ ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಿಕೆಟ್ ಅಗ್ಗ, ಆದರೆ ಮಳೆ. ಸಮುದ್ರ ಕೆಟ್ಟರೆ ದ್ವೀಪದಿಂದ ದ್ವೀಪಕ್ಕೆ ಹೋಗುವ ದೋಣಿಗಳೇ ನಿಲ್ಲುತ್ತವೆ. ವಿಮಾನದಲ್ಲಿ ಉಳಿಸಿದ ದುಡ್ಡನ್ನು ಹೋಟೆಲ್ ಕಿಟಕಿಯಲ್ಲಿ ಮಳೆ ನೋಡುತ್ತಾ ಕಳೆಯಬೇಕು.

ಶಾಲೆಗೆ ಹೋಗುವ ಮಕ್ಕಳಿಲ್ಲದವರು ಜನವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ, ವಾರದ ನಡುವೆ ಹೋಗುವುದು ಒಳ್ಳೆಯದು. ಮಕ್ಕಳಿದ್ದವರಿಗೆ ಇಷ್ಟೊಂದು ಆಯ್ಕೆ ಇಲ್ಲ. ಎರಡು, ಮೂರು ತಿಂಗಳು ಮೊದಲೇ ನೋಡಲು ಶುರು ಮಾಡಿ.

ಹುಡುಕುವಾಗ ಒಂದು ಗೊಂದಲ ಆಗಬಹುದು. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯ ಪುರಂ ಅಂತ ಹೆಸರಿಟ್ಟರು. ಎರಡರಲ್ಲಿ ಯಾವ ಹೆಸರು ಕಂಡರೂ ಊರು ಒಂದೇ, ವಿಮಾನ ನಿಲ್ದಾಣದ ಕೋಡ್ ಐಎಕ್ಸ್‌ಝಡ್.

ಹೊರಡುವ ಹೊತ್ತಲ್ಲ, ಇಳಿಯುವ ಹೊತ್ತು

ಭಾವ ಎಡವಿದ್ದು ಇಲ್ಲೇ. ಅವರ ವಿಮಾನ ಮಧ್ಯಾಹ್ನದ್ದು. ಬೆಂಗಳೂರಿಂದ ನೇರ ಹೋದರೆ ಸುಮಾರು ಎರಡೂವರೆ ಗಂಟೆ ಪ್ರಯಾಣ. ಇಳಿದು, ಲಗೇಜ್ ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ನಾಲ್ಕು ಗಂಟೆ. ನಮ್ಮೂರಲ್ಲಾದರೆ ನಾಲ್ಕು ಗಂಟೆ ಅಂದರೆ ಇನ್ನೂ ಬಿಸಿಲು. ಅಂಡಮಾನ್ ನಮ್ಮಿಂದ ತುಂಬಾ ಪೂರ್ವಕ್ಕಿದೆ, ಆದರೆ ಗಡಿಯಾರ ಮಾತ್ರ ಒಂದೇ. ಹಾಗಾಗಿ ಅಲ್ಲಿ ಸೂರ್ಯ ಮೈಸೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಹುಟ್ಟಿ, ಮೊದಲೇ ಮುಳುಗುತ್ತಾನೆ. ಚಳಿಗಾಲದಲ್ಲಿ ಸಂಜೆ ಐದು ಚಿಲ್ಲರೆಗೆ ಕತ್ತಲು ಶುರು.

ಹೆಚ್ಚಿನವರು ಅಂಡಮಾನಿಗೆ ಹೋಗುವುದೇ ರಾಧಾನಗರ ಬೀಚ್ ನೋಡಲು. ಅದಿರುವುದು ಸ್ವರಾಜ್ ದ್ವೀಪದಲ್ಲಿ. ಹಿಂದೆ ಹ್ಯಾವ್‌ಲಾಕ್ ಅಂತಿದ್ದ ದ್ವೀಪದ ಹೆಸರು ಬದಲಾಗಿದ್ದು 2018ರಲ್ಲಿ. ಅಲ್ಲಿಗೆ ಪೋರ್ಟ್ ಬ್ಲೇರಿಂದ ದೋಣಿಯಲ್ಲಿ ಒಂದೂವರೆ, ಎರಡು ಗಂಟೆ ಬೇಕು. ಕತ್ತಲಾದ ಮೇಲೆ ಪ್ರವಾಸಿ ದೋಣಿ ಇಲ್ಲ. ಭಾವನ ಮನೆಯವರು ಪೋರ್ಟ್ ಬ್ಲೇರ್‌ನಲ್ಲೇ ಒಂದು ರಾತ್ರಿ ಕಳೆದರು. ಬೆಳಗಿನ ವಿಮಾನಕ್ಕೆ ತಲೆಗೆ ಎಂಟುನೂರು ರೂಪಾಯಿ ಜಾಸ್ತಿ ಇತ್ತಂತೆ. ಆ ರಾತ್ರಿಯ ಕೋಣೆ, ಊಟ, ಆಟೋ ಎಲ್ಲ ಸೇರಿ ಅದರ ಎರಡರಷ್ಟಾಯಿತು.

ನನ್ನ ಪ್ರಕಾರ ಇಲ್ಲಿ ಹೆಚ್ಚು ಯೋಚಿಸುವಂಥದ್ದಿಲ್ಲ: ಬೆಳಿಗ್ಗೆ ಹತ್ತರೊಳಗೆ ಇಳಿಯುವ ವಿಮಾನವನ್ನೇ ಹಿಡಿಯಿರಿ. ಬೆಳಗಿನ ಮೊದಲ ವಿಮಾನ ತಡವಾಗುವುದೂ ಕಡಿಮೆ. ಅದು ರಾತ್ರಿಯೇ ಬಂದು ನಿಂತಿರುತ್ತದೆ. ಮಧ್ಯಾಹ್ನದ ವಿಮಾನ ಅಷ್ಟರಲ್ಲಿ ಎರಡು ಮೂರು ಊರು ಸುತ್ತಿ ಎಲ್ಲರ ತಡವನ್ನೂ ಹೊತ್ತು ಬರುತ್ತದೆ.

ಮಾಲ್ಡೀವ್ಸ್‌ಗೆ ಹೋಗುವವರಿಗೂ ಇದೇ ಮಾತು. ಅಲ್ಲಿನ ರಾಜಧಾನಿ ಮಾಲೆಯಿಂದ ದೂರದ ರೆಸಾರ್ಟುಗಳಿಗೆ ಕರೆದೊಯ್ಯುವ ಸೀಪ್ಲೇನುಗಳು ಹಗಲಲ್ಲಿ ಮಾತ್ರ ಹಾರುತ್ತವೆ. ಸಂಜೆ ಇಳಿದರೆ ಆ ರಾತ್ರಿ ಮಾಲೆ ಪಾಲು.

ಮನೆಯಿಂದ ರನ್‌ವೇವರೆಗೆ

ಬೆಳಗಿನ ವಿಮಾನ ಅಂದಮೇಲೆ ನಡುರಾತ್ರಿ ಹೊರಡಬೇಕಲ್ವಾ? ಹೌದು. ದಶಪಥ ಬಂದಮೇಲೆ ಮೈಸೂರಿಂದ ಕೆಂಗೇರಿಗೆ ಒಂದೂವರೆ ಗಂಟೆ ಸಾಕು. ಕೆಂಗೇರಿಯಿಂದ ದೇವನಹಳ್ಳಿಗೆ ಹಗಲಲ್ಲಾದರೆ ದೇವರೇ ಗತಿ. ರಾತ್ರಿ ಆ ಕಷ್ಟ ಇಲ್ಲ.

ಮೈಸೂರಿನವರಿಗೆ ಸುಲಭದ್ದು ಕೆಎಸ್‌ಆರ್‌ಟಿಸಿಯ ಫ್ಲೈಬಸ್. ಊರಿಂದ ನೇರ ನಿಲ್ದಾಣದ ಬಾಗಿಲಿಗೆ ಬಿಡುತ್ತದೆ, ನಾಲ್ಕು ಗಂಟೆ ಅಂದುಕೊಳ್ಳಿ. ಸೀಟು ಮುಂಚೆಯೇ ಬುಕ್ ಮಾಡಿ. ರಜೆ ದಿನ ಹೊರಡುವ ಹೊತ್ತಿಗೆ ಹೋದರೆ ಸಿಗುವುದು ಕಷ್ಟ. ಮಂಡ್ಯದವರು ಬುಕ್ ಮಾಡುವಾಗ ಹತ್ತುವ ಜಾಗ ಎಲ್ಲಿದೆ ಅಂತ ನೋಡಿಕೊಳ್ಳಿ. ಈಗ ಹೆದ್ದಾರಿ ಊರ ಹೊರಗಿನಿಂದಲೇ ಹೋಗುತ್ತದೆ. ನಾಲ್ಕೈದು ಜನ ಇದ್ದರೆ ಟ್ಯಾಕ್ಸಿ ಖರ್ಚೂ ಬಸ್ಸಿನ ಹತ್ತಿರಕ್ಕೇ ಬರುತ್ತದೆ. ನಿಲ್ದಾಣದಲ್ಲಿ ಎರಡು ಟರ್ಮಿನಲ್ ಇವೆ. ನಿಮ್ಮದು ಯಾವುದು ಅಂತ ಟಿಕೆಟ್ಟಿನಲ್ಲೇ ಬರೆದಿರುತ್ತದೆ.

ಎರಡನೆಯ ದಾರಿ ಚೆನ್ನೈ. ಅಲ್ಲಿಂದ ಪೋರ್ಟ್ ಬ್ಲೇರ್‌ಗೆ ಎರಡು ಗಂಟೆ ಚಿಲ್ಲರೆ, ಎಷ್ಟೋ ಸಲ ದರವೂ ಕಡಿಮೆ. ಕಾವೇರಿ ಎಕ್ಸ್‌ಪ್ರೆಸ್ ರಾತ್ರಿ ಮೈಸೂರು ಬಿಟ್ಟು ಮಂಡ್ಯದಲ್ಲೂ ನಿಂತು ಬೆಳಿಗ್ಗೆ ಚೆನ್ನೈ ಸೆಂಟ್ರಲ್ ಸೇರುತ್ತದೆ. ಸೆಂಟ್ರಲ್‌ನಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೊ ಇದೆ. ಆದರೆ ರೈಲು ತಡವಾದರೆ ವಿಮಾನ ಕಾಯುವುದಿಲ್ಲ. ಈ ದಾರಿ ಹಿಡಿಯುವವರು ಒಂದು ದಿನ ಮೊದಲೇ ಹೋಗಿ, ಮರುದಿನ ಬೆಳಗಿನ ವಿಮಾನ ಹತ್ತುವುದೇ ನೆಮ್ಮದಿ.

ಇನ್ನು ಮಂಡಕಳ್ಳಿ. ಮೈಸೂರಿನ ರನ್‌ವೇ ಚಿಕ್ಕದು, ಎಟಿಆರ್‌ನಂಥ ಸಣ್ಣ ವಿಮಾನ ಮಾತ್ರ ಇಳಿಯುತ್ತದೆ. ವಿಮಾನಗಳು ಬೆರಳೆಣಿಕೆಯಷ್ಟು. ಇಲ್ಲಿಂದ ಹೊರಟು ಬೇರೆ ಊರಲ್ಲಿ ಬದಲಾಯಿಸುವುದಾದರೆ ಎರಡೂ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಒಮ್ಮೆ ನಾನು ಮುನ್ನೂರು ರೂಪಾಯಿ ಉಳಿಸಲು ಬೇರೆ ಬೇರೆ ಟಿಕೆಟ್ ಕೊಂಡೆ. ಮೊದಲ ವಿಮಾನ ಎರಡು ಗಂಟೆ ತಡ. ಎರಡನೆಯದು ನನ್ನ ಕಣ್ಣೆದುರೇ ಹಾರಿಹೋಯಿತು. ಬೇರೆ ಟಿಕೆಟ್ ಆದ್ದರಿಂದ ಕೌಂಟರಿನವರು ಕೈಚೆಲ್ಲಿದರು. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಅವರ ಹೊಣೆ.

ದರ ಒಡೆದು ನೋಡಿ

ವಿಮಾನದ ಎಲ್ಲ ಸೀಟಿಗೂ ಒಂದೇ ದರ ಇರುವುದಿಲ್ಲ. ಅಗ್ಗದ ಗುಂಪಿನಲ್ಲಿ ಕೆಲವು, ಅದರ ಮೇಲಿನ ಗುಂಪಿನಲ್ಲಿ ಕೆಲವು. ಅಗ್ಗದವು ಎರಡೇ ಉಳಿದಿದ್ದು ನೀವು ನಾಲ್ಕು ಕೇಳಿದರೆ, ನಾಲ್ಕಕ್ಕೂ ಮೇಲಿನ ದರವನ್ನೇ ತೋರಿಸುವುದುಂಟು. ಅದಕ್ಕೆ ಮೊದಲು ಒಬ್ಬರಿಗೆ ಎಷ್ಟು ಅಂತ ನೋಡಿ. ಆಮೇಲೆ ಇಬ್ಬರಿಗೆ, ನಾಲ್ವರಿಗೆ. ವ್ಯತ್ಯಾಸ ಇದ್ದರೆ ಎರಡೆರಡಾಗಿ ಕೊಳ್ಳಿ. ಮಕ್ಕಳಿದ್ದರೆ ಪ್ರತಿ ಪಿಎನ್‌ಆರ್‌ನಲ್ಲೂ ಒಬ್ಬ ದೊಡ್ಡವರಿರಲಿ. 12 ವರ್ಷದೊಳಗಿನ ಮಕ್ಕಳನ್ನು ಅದೇ ಪಿಎನ್‌ಆರ್‌ನ ಅಪ್ಪ ಅಥವಾ ಅಮ್ಮನ ಪಕ್ಕ ಕೂರಿಸಬೇಕು ಅಂತ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎ 2024ರಲ್ಲಿ ಹೇಳಿದೆ. ಹಾಗಾಗಿ ಪಕ್ಕದ ಸೀಟಿಗೆ ಹೆದರಿ ದುಡ್ಡು ಕೊಡಬೇಕಿಲ್ಲ.

ನಂತರ ಲಗೇಜು. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿನಲ್ಲಿ ಕೌಂಟರಿನಲ್ಲಿ ಕೊಡುವ ಚೆಕ್-ಇನ್ ಲಗೇಜು 15 ಕಿಲೋ, ಕೈಯಲ್ಲಿ 7 ಕಿಲೋ. ‘ಲೈಟ್’ ಅಂತ ಬರೆದ ಟಿಕೆಟ್ಟಿನಲ್ಲಿ ಕೈಚೀಲ ಮಾತ್ರ. ಭಾವ ಕೊಂಡಿದ್ದು ಅದೇ. ಬ್ಯಾಗಿನ ದುಡ್ಡನ್ನು ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿದರೆ ಕಡಿಮೆ. ಕೌಂಟರಿನಲ್ಲಿ ಕಿಲೋ ಲೆಕ್ಕದಲ್ಲಿ ಕೀಳುತ್ತಾರೆ.

ಬುಕಿಂಗ್ ಆ್ಯಪ್‌ಗಳು ಕೊನೆಯಲ್ಲಿ ಸೇರಿಸುವ ಕನ್ವೀನಿಯನ್ಸ್ ಫೀ, ತಾನಾಗಿ ಟಿಕ್ ಆಗಿರುವ ವಿಮೆ ಇವನ್ನೂ ನೋಡಿ. ನಾನು ಆ್ಯಪಿನಲ್ಲಿ ಹುಡುಕುತ್ತೇನೆ, ಕಂಪನಿಯ ಸ್ವಂತ ಜಾಲತಾಣದಲ್ಲಿ ಕೊಳ್ಳುತ್ತೇನೆ. ದಿನ ಬದಲಿಸಬೇಕಾದಾಗ ಮಧ್ಯವರ್ತಿ ಇಲ್ಲದಿದ್ದರೆ ಅರ್ಧ ತಲೆನೋವು ಕಡಿಮೆ. ಎಲ್‌ಟಿಸಿಯಲ್ಲಿ, ಅಂದರೆ ಸರ್ಕಾರ ಖರ್ಚು ಕೊಡುವ ರಜೆ ಪ್ರವಾಸದಲ್ಲಿ, ಹೋಗುವ ಕೇಂದ್ರ ಸರ್ಕಾರಿ ನೌಕರರು ಮಾತ್ರ ಹೀಗೆ ಮಾಡಬೇಡಿ. ಅವರು ಅಧಿಕೃತ ಏಜೆಂಟರಲ್ಲೇ ಕೊಳ್ಳಬೇಕು, ಇಲ್ಲದಿದ್ದರೆ ಬಿಲ್ ಪಾಸಾಗುವುದಿಲ್ಲ.

ಸೀಟು, ಊಟ

ಎರಡೂವರೆ ಗಂಟೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾಲು ಉದ್ದ ಇದ್ದವರಿಗೆ ತುರ್ತು ಬಾಗಿಲ ಸಾಲಿಗೆ ಕೊಡುವ ದುಡ್ಡು ದಂಡವಲ್ಲ. ಉಳಿದವರಿಗೆ ಕಿಟಕಿ ಸಿಕ್ಕರೆ ಸಾಕು. ಕೊನೆಯ ಇಪ್ಪತ್ತು ನಿಮಿಷ ನೀಲಿ ನೀರಿನ ನಡುವೆ ಹಸಿರು ದ್ವೀಪಗಳು ಕಾಣುತ್ತವೆ. ಅಗ್ಗದ ವಿಮಾನದಲ್ಲಿ ಬಿಸಿನೀರು ಹಾಕಿಕೊಡುವ ಉಪ್ಪಿಟ್ಟಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಒಯ್ಯಬಹುದು. ಆದರೆ ಚೆಕ್-ಇನ್ ಲಗೇಜಿನಲ್ಲಿ ಕೊಬ್ಬರಿ ಗಿಟುಕು ಬೇಡ. ಎಣ್ಣೆ ಅಂಶ ಇರುವುದರಿಂದ ಬೆಂಕಿ ಹತ್ತೀತು ಅಂತ ಅದಕ್ಕೆ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ವಾಪಸ್ ಬರುವಾಗ

ಪೋರ್ಟ್ ಬ್ಲೇರ್ ರನ್‌ವೇ ನೌಕಾಪಡೆಯದ್ದು. ವಿಮಾನಗಳು ಹೆಚ್ಚಾಗಿ ಹಗಲಲ್ಲೇ ಬಂದು ಹೋಗುತ್ತವೆ. ಹವೆ ಕೆಟ್ಟರೆ ಹತ್ತಿರದಲ್ಲಿ ಇಳಿಯಲು ಬೇರೆ ನಿಲ್ದಾಣ ಇಲ್ಲ, ಬಂದ ವಿಮಾನ ಚೆನ್ನೈಗೋ ಕೋಲ್ಕತ್ತಕ್ಕೋ ತಿರುಗುತ್ತದೆ. ಅದಕ್ಕೆ ಹೊರಡುವ ಹಿಂದಿನ ರಾತ್ರಿ ಸ್ವರಾಜ್ ದ್ವೀಪದಲ್ಲಿ ಇರಬೇಡಿ, ಪೋರ್ಟ್ ಬ್ಲೇರ್‌ಗೆ ಬಂದುಬಿಡಿ. ಸೆಲ್ಯುಲರ್ ಜೈಲು ಆ ದಿನಕ್ಕೆ ಇಟ್ಟುಕೊಳ್ಳಿ. ಬೆಂಗಳೂರಿಗೆ ಬಂದ ಮರುದಿನವೇ ಆಫೀಸಿಗೆ ಹಾಜರಾಗುವ ಧೈರ್ಯವೂ ಬೇಡ.

ವಿಮಾನ ಆರು ಗಂಟೆಗಿಂತ ಹೆಚ್ಚು ತಡ ಅಂತಾದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ಕೇಳುವ ಹಕ್ಕು ನಿಮಗಿದೆ. ಹವಾಮಾನದಿಂದ ರದ್ದಾದರೆ ಪರಿಹಾರ ಸಿಗುವುದಿಲ್ಲ. ಟಿಕೆಟ್ ದುಡ್ಡು ಸಿಗುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ‘ನಾನ್ ರಿಫಂಡಬಲ್’ ಟಿಕೆಟ್ ಕೊಂಡು ಹೋಗದೇ ಉಳಿದರೂ ಅದರಲ್ಲಿರುವ ತೆರಿಗೆ, ನಿಲ್ದಾಣದ ಶುಲ್ಕ ನಿಮಗೆ ವಾಪಸ್ ಬರಬೇಕು. ಐದನೇ ಟಿಕೆಟ್ ಭಾವನ ಅಮ್ಮನದು. ಹೊರಡುವ ದಿನ ‘ನಂಗೆ ಸಮುದ್ರಾನೂ ಬ್ಯಾಡ, ಗಿಮುದ್ರಾನೂ ಬ್ಯಾಡ’ ಅಂತ ಅಜ್ಜಿ ಮನೆಯಲ್ಲೇ ಉಳಿದರು. ದುಡ್ಡು ಹೋಯಿತು ಅಂತ ಭಾವ ಬಿಟ್ಟಿದ್ದರು. ನಾನೇ ಕಂಪನಿಯ ಜಾಲತಾಣದಲ್ಲಿ ಅರ್ಜಿ ತುಂಬಿಸಿದೆ. ಮೂರು ವಾರದ ಮೇಲೆ ಒಂಬೈನೂರು ಚಿಲ್ಲರೆ ಬಂತು. ಭಾವ ಅದರಲ್ಲಿ ಮದ್ದೂರಲ್ಲಿ ಕಾರು ನಿಲ್ಲಿಸಿ ಎಲ್ಲರಿಗೂ ವಡೆ, ಕಾಫಿ ಕೊಡಿಸಿದರು. ಅಜ್ಜಿಗೆ ಎರಡು ವಡೆ ಪಾರ್ಸೆಲ್.