ಹೈಡ್ರಿಲಾದೊಳಗೆ ಹೊಕ್ಕ ಬ್ಯಾಸ್ ಮೀನು

ಟೋಹೋ ಕೆರೆಗೆ ಹೋಗಲು ಶುರು ಮಾಡಿದ ಮೊದಲ ವರ್ಷ, ಗಾಳಕ್ಕೆ ಬಿದ್ದ ಒಳ್ಳೆಯ ಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಕೈಗೆ ಬರಲೇ ಇಲ್ಲ. ಪ್ರತಿ ಸಲವೂ ಒಂದೇ ಕತೆ. ಮೀನು ಕಚ್ಚುತ್ತಿತ್ತು, ರಾಡ್ ಬಾಗುತ್ತಿತ್ತು, ಎರಡು ಸಲ ಉಸಿರಾಡುವಷ್ಟರಲ್ಲಿ ಅದು ಕಳೆಯೊಳಗೆ ನುಗ್ಗಿಬಿಡುತ್ತಿತ್ತು. ಆಮೇಲೆ ಓಟವೂ ಇಲ್ಲ, ಒದ್ದಾಟವೂ ಇಲ್ಲ. ದಾರದ ತುದಿಗೆ ಮಣ್ಣಿನ ಚೀಲ ಕಟ್ಟಿದಂಥ ಭಾರ, ಅಷ್ಟೇ. ನಾನು ಎಳೆಯುತ್ತಿದ್ದೆ. ಬಾರದಿದ್ದರೆ ಇನ್ನೂ ಜೋರಾಗಿ ಎಳೆಯುತ್ತಿದ್ದೆ. ಟಪ್ ಅಂತ ದಾರ ಹರಿಯುತ್ತಿತ್ತು.

ಮೀನು ತಪ್ಪಿತಲ್ಲ ಅನ್ನುವ ಬೇಸರ ಮನೆಗೆ ಬರುವಷ್ಟರಲ್ಲಿ ಹೋಗಿರುತ್ತಿತ್ತು. ಹೋಗದೆ ಉಳಿಯುತ್ತಿದ್ದದ್ದು ಬೇರೆ. ಬಾಯಲ್ಲಿ ಕೊಕ್ಕೆ, ಕೊಕ್ಕೆಗೆ ಒಂದೆರಡು ಮಾರು ದಾರ, ಆ ದಾರ ಗಿಡಕ್ಕೆ ಸುತ್ತಿಕೊಂಡಿದೆ. ಮೀನು ಅಲ್ಲೇ ಕಟ್ಟಿಹಾಕಿದ ದನದ ಹಾಗೆ ನಿಂತಿರಬಹುದಲ್ಲ ಅಂತ ಎಷ್ಟೋ ರಾತ್ರಿ ಅನ್ನಿಸಿದೆ. ಹಿಡಿದ ಬ್ಯಾಸ್‌ಗಳನ್ನು ನಾನು ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ನೀರಿಗೆ ಬಿಡುತ್ತೇನೆ. ಬಿಡಬೇಕಾದರೆ ಮೊದಲು ಕೈಗೆ ಬರಬೇಕು. ಕಳೆಯಿಂದ ಮೀನು ಬಿಡಿಸುವುದನ್ನು ಹಟ ಹಿಡಿದು ಕಲಿತದ್ದು ಅದಕ್ಕೇ.

ಟೋಹೋ ಅಂದರೆ ಟೋಹೋಪೆಕಲೈಗಾ. ಫ್ಲಾರಿಡಾದ ಒರ್ಲ್ಯಾಂಡೋದಿಂದ ದಕ್ಷಿಣಕ್ಕೆ, ಕಿಸಿಮ್ಮಿ ಊರಿಗೆ ಅಂಟಿಕೊಂಡಿರುವ ದೊಡ್ಡ ಕೆರೆ. ಹರವು ಹೆಚ್ಚು, ಆಳ ಕಡಿಮೆ. ಬ್ಯಾಸ್ ಹಿಡಿಯುವವರಲ್ಲಿ ಇದಕ್ಕೆ ದೊಡ್ಡ ಹೆಸರು. 2001ರ ಜನವರಿಯಲ್ಲಿ ಇಲ್ಲಿ ನಡೆದ ಸ್ಪರ್ಧೆಯಲ್ಲಿ ಡೀನ್ ರೋಹಾಸ್ ಒಂದೇ ದಿನ ಐದು ಮೀನಿಗೆ 45 ಪೌಂಡ್ 2 ಔನ್ಸ್ ತೂಗಿಸಿದ್ದರು. ನಮ್ಮ ಲೆಕ್ಕದಲ್ಲಿ 20 ಕಿಲೋ ದಾಟುತ್ತದೆ. ಅಂಥ ಮೀನು ಬೆಳೆಯುವ ನೀರಿನಲ್ಲಿ ಕಳೆಗೂ ಕೊರತೆಯಿಲ್ಲ. ದಂಡೆಯಲ್ಲಿ ಆಪು, ಜೊಂಡು. ಅದರಾಚೆ ನೈದಿಲೆ ಜಾತಿಯ ಅಗಲ ಎಲೆಗಳು. ಅದನ್ನೂ ದಾಟಿದರೆ ಹೈಡ್ರಿಲಾ.

ಈ ಗಿಡ ನಮಗೆಲ್ಲ ಗೊತ್ತು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬೀಕರಿನ ನೀರಿಗೆ ಒಂದು ಹಸಿರು ಎಳೆ ಹಾಕಿ, ಮೇಲೆ ಗಾಜಿನ ಆಲಿಕೆ ಬೋರಲು ಹಾಕಿ, ಪ್ರನಾಳ ಇಟ್ಟು ಬಿಸಿಲಿಗಿಡುತ್ತಿದ್ದರಲ್ಲ, ಗುಳ್ಳೆ ಏಳುತ್ತಿತ್ತಲ್ಲ, ಅದೇ ಹೈಡ್ರಿಲಾ. 1950ರ ದಶಕದ ಆರಂಭದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾಕ್ಕೆ ಬಂತು. ಇಲ್ಲಿಯ ಹೈಡ್ರಿಲಾದ ಮೂಲ ಶ್ರೀಲಂಕಾ ಎಂದು ಹಳೆಯ ದಾಖಲೆಗಳು ಹೇಳಿದರೆ, ಡಿಎನ್‌ಎ ಪರೀಕ್ಷೆ ದಕ್ಷಿಣ ಭಾರತದ ಕಡೆಗೂ ಬೆರಳು ತೋರಿಸುತ್ತದೆ. ಮೊದಲ ಸಲ ನನ್ನ ಕಯಾಕ್ (ಹುಟ್ಟು ಹಾಕುವ ಸಪುರ ದೋಣಿ) ಪಕ್ಕದಲ್ಲಿ ಒಂದು ಹಿಡಿ ಕಿತ್ತು ನೋಡಿದಾಗ ಊರಿನವರು ಸಿಕ್ಕಷ್ಟೇ ಸಂತೋಷವಾಯಿತು. ಕೆರೆ ನೋಡಿಕೊಳ್ಳುವವರಿಗೆ ಇದು ದೊಡ್ಡ ತಲೆನೋವು ಅನ್ನುವುದು ಆಮೇಲೆ ತಿಳಿಯಿತು.

ಗಿಡ ಬೆಳೆಯುವ ಬಗೆ ಅರ್ಥವಾದರೆ ಮೀನಿನ ನಡೆ ಅರ್ಥವಾದಂತೆ. ಬೇರು ತಳದಲ್ಲಿ. ಅಲ್ಲಿಂದ ತೆಳ್ಳನೆಯ ಕಾಂಡಗಳು ನೆಟ್ಟಗೆ ಮೇಲೇರುತ್ತವೆ. ನೀರಿನ ಮೇಲ್ಮೈ ಮುಟ್ಟಿದ ಮೇಲೆ ಕವಲೊಡೆದು ಅಡ್ಡಡ್ಡ ಹರಡಿ ಹಾಸಾಗುತ್ತವೆ. ಹೊರಗಿನಿಂದ ನೋಡಿದರೆ ಗಟ್ಟಿ ಹಸಿರು ನೆಲ. ಒಳಗೆ ಮದುವೆ ಮನೆ ಚಪ್ಪರದ ಹಾಗೆ, ಮೇಲೆ ದಟ್ಟ ಹೊದಿಕೆ, ಕೆಳಗೆ ಕಂಬ ಕಂಬ, ಕಂಬಗಳ ನಡುವೆ ನೆರಳು ಮತ್ತು ಓಡಾಡಲು ಜಾಗ. ಬ್ಯಾಸ್ ಆ ನೆರಳಿನಲ್ಲಿ ನಿಂತು ಸಣ್ಣ ಮೀನಿಗೆ ಹೊಂಚು ಹಾಕುತ್ತದೆ. ಕೊಕ್ಕೆ ಚುಚ್ಚಿತೋ, ಕಂಬಗಳ ನಡುವೆ ಅಡ್ಡಾದಿಡ್ಡಿ ನುಗ್ಗುತ್ತದೆ. ಒಂದೊಂದು ಕಾಂಡ ಸುತ್ತಿದಾಗಲೂ ದಾರದ ದಿಕ್ಕು ಬದಲಾಗುತ್ತದೆ. ಮೂರು ಕಡೆ ಸುತ್ತಿಕೊಂಡರೆ ಮುಗಿಯಿತು, ನಾನು ಎಳೆಯುತ್ತಿರುವುದು ಗಿಡವನ್ನೇ ಹೊರತು ಮೀನನ್ನಲ್ಲ.

ಇದು ತಲೆಗೆ ಹೊಳೆದಾಗ ನೆನಪಾದದ್ದು ಸೂಳೆಕೆರೆ. ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮೂರಿನಿಂದ ಸೈಕಲ್ಲಿನ ದೂರ. ಬೇಸಿಗೆ ರಜೆಯಲ್ಲಿ ಚಿಕ್ಕಪ್ಪನ ಹಿಂದೆ ಬಿದಿರು ಕೋಲು ಹಿಡಿದು ಹೋಗುತ್ತಿದ್ದೆ. ಒಂದು ಸಂಜೆ ನನ್ನ ಗಾಳಕ್ಕೆ ಕೊರವ ಮೀನು ಬಿದ್ದು ಸೀದಾ ಜೊಂಡಿನೊಳಗೆ ಹೋಯಿತು. ನಾನು ಎರಡೂ ಕೈಯಲ್ಲಿ ಕೋಲು ಜಗ್ಗುತ್ತಿದ್ದೆ. ಚಿಕ್ಕಪ್ಪ ಕೂತಲ್ಲಿಂದಲೇ ಕೂಗಿದರು, ‘ಜಗ್ಗಬ್ಯಾಡಲೇ ತಮ್ಮಾ, ದಾರ ಹಿಡ್ಕಂಡು ನಡಿ. ಅದು ಬರಲ್ಲ, ನೀನು ಹೋಗು.’ ಆಮೇಲೆ ತಾವೇ ಪಂಚೆ ಕಟ್ಟಿ ಸೊಂಟದವರೆಗೆ ಇಳಿದರು. ಎಡಗೈ ದಾರದ ಮೇಲೆ ಜಾರಿಸುತ್ತಾ, ಬಲಗೈಯಿಂದ ಜೊಂಡು ಬಿಡಿಸುತ್ತಾ ಹೋಗಿ, ಕುತ್ತಿಗೆ ಮಟ್ಟ ಬಗ್ಗಿ ಮೀನನ್ನು ಕಿವಿರಿನ ಹತ್ತಿರ ಹಿಡಿದು ಎತ್ತಿದರು. ನಾನು ಫ್ಲಾರಿಡಾದಲ್ಲಿ ಎರಡು ವರ್ಷ ಒದ್ದಾಡಿ ಕಂಡುಕೊಂಡದ್ದು ಇಷ್ಟೇ: ಅದು ಬರಲ್ಲ, ನಾನು ಹೋಗಬೇಕು.

ಆದರೆ ಅದಕ್ಕೂ ಮುಂಚಿನ ಮೂರು ಸೆಕೆಂಡು ಇದೆ. ಕಳೆಗೆ ಹೋಗಗೊಡದೆ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇದಕ್ಕೆ ಸಾಮಾನು ಬದಲಿಸಲೇಬೇಕಾಯಿತು. ಮೊದಲು ನನ್ನಲ್ಲಿದ್ದದ್ದು 12 ಪೌಂಡಿನ, ಅಂದರೆ ಅಷ್ಟು ಭಾರ ತಡೆಯುವ, ನೈಲಾನ್ ದಾರ, ಮಧ್ಯಮ ಬಿಗಿಯ ರಾಡ್. ನೈಲಾನ್ ರಬ್ಬರಿನಂತೆ ಹಿಗ್ಗುತ್ತದೆ. ನಾನು ಎತ್ತಿದ ಬಲ ಮೀನಿಗೆ ತಲುಪುವ ಹೊತ್ತಿಗೆ ಅದು ಒಳಗೆ ಹೋಗಿ ಆಗಿರುತ್ತಿತ್ತು. ಈಗ 65 ಪೌಂಡಿನ ಬ್ರೇಡ್, ಅಂದರೆ ಎಳೆ ಹೆಣೆದ ದಾರ ಹಾಕುತ್ತೇನೆ. ದಪ್ಪದಲ್ಲಿ ಸುಮಾರು 16 ಪೌಂಡಿನ ನೈಲಾನಿನಷ್ಟೇ, ಹಿಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೈಡ್ರಿಲಾದ ಮೆತ್ತನೆ ಕಾಂಡವನ್ನು ಅದು ಕೊಯ್ದುಕೊಂಡೇ ಬರುತ್ತದೆ. ಏಳೂವರೆ ಅಡಿಯ ಗಟ್ಟಿ ರಾಡ್, ಹಿಡಿ ಒಂದು ಸುತ್ತು ತಿರುಗಿದರೆ ಸ್ಪೂಲು ಏಳು ಸುತ್ತು ತಿರುಗುವ ರೀಲು, ಮೀನು ಎಳೆದಾಗ ದಾರ ಬಿಟ್ಟುಕೊಡುವ ಡ್ರ್ಯಾಗ್ ಪೂರ್ತಿ ಬಿಗಿ. ಕೊಕ್ಕೆ ದಪ್ಪ ತಂತಿಯದು, ಅದರ ಉದ್ದ ಕಡ್ಡಿ ನೆಟ್ಟನೆಯದು. ತೆಳು ತಂತಿಯ ಕೊಕ್ಕೆಯ ಬಾಗು ಇಷ್ಟು ಬಿಗಿ ದಾರಕ್ಕೆ ಬಿಚ್ಚಿಕೊಂಡುಬಿಡುತ್ತದೆ.

ಕಚ್ಚಿದ ಕೂಡಲೇ ರಾಡನ್ನು ಮೇಲಕ್ಕೆ ಎತ್ತಿ ಕೊಕ್ಕೆ ಚುಚ್ಚುತ್ತೇನೆ, ಪಕ್ಕಕ್ಕಲ್ಲ. ಪಕ್ಕಕ್ಕೆ ಎಳೆದರೆ ಮೀನಿನ ಮೂತಿ ಕಾಂಡಗಳ ಕಡೆ ತಿರುಗುತ್ತದೆ. ಮೇಲಕ್ಕೆ ಎತ್ತಿದರೆ ಬಂದ ಕಿಂಡಿಯ ಕಡೆಗೇ ತಿರುಗುತ್ತದೆ. ಆಮೇಲೆ ರೀಲು ನಿಲ್ಲಬಾರದು. ನದಿಯಲ್ಲೋ ಸಮುದ್ರದಲ್ಲೋ ಹಿಡಿಯುವಾಗ ರಾಡ್ ಎತ್ತುವುದು, ಇಳಿಸುತ್ತಾ ಸುತ್ತುವುದು ರೂಢಿ. ಕಳೆಯಲ್ಲಿ ಆ ಇಳಿಸುವ ಅರೆಕ್ಷಣವೇ ಸಾಕು, ಮೀನು ತಲೆ ಕೆಳಗೆ ಹಾಕಿಬಿಡುತ್ತದೆ. ತಲೆ ಮೇಲಿರುವವರೆಗೆ ಬಾಲಕ್ಕೆ ಬಲವಿಲ್ಲ. ತಲೆ ಕೆಳಗಾಯಿತೆಂದರೆ ಎರಡು ಕಿಲೋ ಮೀನಿಗೂ ನನ್ನ ಸೊಂಟ ನೋಯಿಸುವ ಶಕ್ತಿ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಹತ್ತರಲ್ಲಿ ಮೂರು ಒಳಗೆ ಹೋಗುತ್ತವೆ. ಆಗ ನಾನು ಎಳೆಯುವುದನ್ನು ನಿಲ್ಲಿಸುತ್ತೇನೆ. ದಾರ ಸಡಿಲ ಬಿಡುವುದಿಲ್ಲ, ಜಗ್ಗುವುದೂ ಇಲ್ಲ. ಬಟ್ಟೆ ಒಣಹಾಕುವ ಹಗ್ಗದಷ್ಟು ಬಿಗಿ ಸಾಕು. ಅಷ್ಟರಲ್ಲೇ ಗಮನ ಕೊಟ್ಟರೆ ತಿಳಿಯುತ್ತದೆ. ದಾರದಲ್ಲಿ ಕುಟುಕು ಕುಟುಕು ಅನ್ನಿಸಿದರೆ ಮೀನು ಇನ್ನೂ ಕೊಕ್ಕೆಯಲ್ಲಿದೆ. ಏನೂ ಇಲ್ಲದಿದ್ದರೆ ಬರೀ ಗಿಡವಿರಬಹುದು, ಆದರೂ ಹೋಗಿ ನೋಡದೆ ದಾರ ಕತ್ತರಿಸುವುದಿಲ್ಲ. ಕಣ್ಣು ಕಳೆಯಲ್ಲಿ ಮುಚ್ಚಿಹೋದ ಬ್ಯಾಸ್ ಅಲುಗಾಡದೆ ಸುಮ್ಮನಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಇಲ್ಲಿ ಕಯಾಕಿನ ಉಪಕಾರ ದೊಡ್ಡದು. ರಾಡನ್ನು ಮೀನಿರುವ ಕಡೆಗೇ ಚಾಚಿ ನಿಧಾನಕ್ಕೆ ರೀಲು ಸುತ್ತಿದರೆ ಮೀನು ಬರುವುದಿಲ್ಲ, ಕಯಾಕೇ ಹಾಸಿನ ಮೇಲೆ ಜಾರಿಕೊಂಡು ಹೋಗುತ್ತದೆ. ದೋಣಿಯಲ್ಲಿ ಮೋಟಾರ್ ಹಾಕಿಕೊಂಡು ಹೋಗುವವರಿಗೆ ಮೋಟಾರಿನ ರೆಕ್ಕೆಗೇ ಹೈಡ್ರಿಲಾ ಸುತ್ತಿಕೊಳ್ಳುತ್ತದೆ, ಅಂಥವರು ಹುಟ್ಟನ್ನೋ ಉದ್ದ ಗಳುವನ್ನೋ ಇಟ್ಟುಕೊಳ್ಳುವುದು ಒಳ್ಳೆಯದು. ದಾರ ನೀರಿಗೆ ನೆಟ್ಟಗೆ ಇಳಿಯುವ ಜಾಗಕ್ಕೆ ಬಂದಮೇಲೆ ಅಲ್ಲಿಯವರೆಗೆ ಮೂರು ಕಡೆ ಸುತ್ತಿದ್ದ ದಾರ ಒಂದೊಂದೇ ಬಿಚ್ಚಿಕೊಳ್ಳುತ್ತದೆ. ಕೆಲವು ಸಲ ಅಷ್ಟಕ್ಕೇ ಮೀನು ತಾನಾಗಿ ಮೇಲೆ ಬಂದಿದೆ.

ಬಾರದಿದ್ದರೆ ದಾರ ಮೀಟುತ್ತೇನೆ. ತಂಬೂರಿ ತಂತಿ ಮೀಟಿದ ಹಾಗೆ ಒಂದು ಬೆರಳಲ್ಲಿ ಟಣ್, ಟಣ್. ಆ ನಡುಕ ಕೊಕ್ಕೆಯವರೆಗೆ ಹೋಗಿ ಮೀನು ಅಲುಗುತ್ತದೆ, ಅಲುಗಿದರೆ ಕಳೆಯ ಹಿಡಿತ ಸಡಿಲವಾಗುತ್ತದೆ. ದಂಡೆಯಲ್ಲಿ ನಿಂತು ಹಿಡಿಯುವವರಿಗೆ ಹತ್ತಿರ ಹೋಗುವ ಅನುಕೂಲ ಇರುವುದಿಲ್ಲ. ಅವರು ಹತ್ತಿಪ್ಪತ್ತು ಹೆಜ್ಜೆ ಪಕ್ಕಕ್ಕೆ ನಡೆದು ಕೋನ ಬದಲಿಸಿ ಮೀಟಬಹುದು. ಅದಕ್ಕೂ ಬಗ್ಗದಿದ್ದರೆ ದಾರ ಪೂರ್ತಿ ಸಡಿಲ ಬಿಟ್ಟು ಒಂದು ನಿಮಿಷ ಕಾಯುವುದು. ಎಳೆತ ನಿಂತಿತು ಅನ್ನಿಸಿದಾಗ ಮೀನು ತಾನೇ ಈಜಿ ಹೊರಬರುವುದುಂಟು. ದಾರ ಪಕ್ಕಕ್ಕೆ ಸರಿಯುವುದು ಕಾಣುತ್ತದೆ. ಈ ಉಪಾಯ ಒಂಟಿ ಕೊಕ್ಕೆ ಇದ್ದರೆ ಮಾತ್ರ. ಮೂರು ಮುಳ್ಳಿನ ಕೊಕ್ಕೆಯಾದರೆ ಒಂದು ಮುಳ್ಳು ಮೀನಿನಲ್ಲಿ, ಎರಡು ಗಿಡದಲ್ಲಿ. ಅಂಥವನ್ನು ಕಳೆಗೆ ಎಸೆಯುವುದನ್ನೇ ನಾನು ಬಿಟ್ಟಿದ್ದೇನೆ. ಮೀನಿಗೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಒಂದು ಎಚ್ಚರಿಕೆ, ನನ್ನ ಕೈಯಲ್ಲೇ ಗುರುತಿದೆ. ಒಮ್ಮೆ ಸಿಕ್ಕಿಕೊಂಡ ದಾರವನ್ನು ಬರಿಗೈಗೆ ಎರಡು ಸುತ್ತು ಹಾಕಿಕೊಂಡು ಎಳೆದೆ. ಬ್ರೇಡ್ ಹಿಗ್ಗುವುದಿಲ್ಲ, ಚರ್ಮ ಕೊಡಲೇಬೇಕು. ಮೊದಲು ಬಿಳಿಯ ಗೆರೆ ಕಂಡಿತು, ನೋವೇ ಇಲ್ಲ. ಒಂದು ಕ್ಷಣ ಬಿಟ್ಟು ರಕ್ತ ತುಂಬಿಕೊಂಡಿತು. ಈಗ ಎಳೆಯಲೇಬೇಕಾದ ಹೊತ್ತಿನಲ್ಲಿ ಒಂದು ಗೇಣಿನ ಮರದ ತುಂಡಿಗೆ ದಾರ ಸುತ್ತಿ ಎಳೆಯುತ್ತೇನೆ. ರಾಡನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಜಗ್ಗುವುದೂ ಬೇಡ, ತುದಿ ಮುರಿಯುತ್ತದೆ.

ಎಲ್ಲ ಕಳೆಯೂ ಒಂದೇ ಅಲ್ಲ. ಹೈಡ್ರಿಲಾವನ್ನು ದಾರ ಕೊಯ್ಯುತ್ತದೆ, ಸರಿ. ನೈದಿಲೆಯ ಕಾಂಡ ರಬ್ಬರಿನ ಹಾಗೆ, ಬ್ರೇಡಿಗೂ ಬಗ್ಗುವುದಿಲ್ಲ. ಅಲ್ಲಿ ಮೀನನ್ನು ಎಲೆಗಳ ಮೇಲೆಯೇ ಜಾರಿಸಿ ತರಬೇಕು, ಕೆಳಗೆ ಇಳಿಯಲು ಬಿಟ್ಟರೆ ಹತ್ತಿರ ಹೋಗದೆ ಬೇರೆ ದಾರಿಯೇ ಇಲ್ಲ. ಜೊಂಡಿನಲ್ಲಿ ನನ್ನ ಯಶಸ್ಸು ಈಗಲೂ ಕಡಿಮೆ. ಹಾಗಾಗಿ ಜೊಂಡಿನ ಒಳಗೆ ಎಸೆಯದೆ ಅಂಚಿಗೆ ಮಾತ್ರ ಎಸೆಯುತ್ತೇನೆ.

ಹೋದ ಫೆಬ್ರವರಿಯ ಒಂದು ಬೆಳಿಗ್ಗೆ ಹೇಳುತ್ತೇನೆ. ಮೊಟ್ಟೆಯಿಡುವ ಕಾಲ, ದೊಡ್ಡ ಹೆಣ್ಣು ಮೀನುಗಳು ಆಳ ಕಡಿಮೆಯಿರುವ ಕಡೆ ಬರುತ್ತವೆ. ಮಂಜು ಇನ್ನೂ ನೀರಿನ ಮೇಲೇ ಇತ್ತು. ಜೊಂಡಿನ ಕಡ್ಡಿಗಳಿಗೆ ಬಸವನಹುಳುವಿನ ಗುಲಾಬಿ ಮೊಟ್ಟೆಗಳು ಸಾಬಕ್ಕಿ ಅಂಟಿಸಿದಂತೆ ಗೊಂಚಲುಗೊಂಚಲಾಗಿ ಕೂತಿದ್ದವು. ಆ ಹುಳು ತಿನ್ನಲೆಂದೇ ಬರುವ ಒಂದು ಹದ್ದು ಹಾಸಿನ ಮೇಲೆ ತಗ್ಗಿನಲ್ಲಿ ಸುತ್ತುತ್ತಿತ್ತು. ಒಂದು ಔನ್ಸ್ ಟಂಗ್‌ಸ್ಟನ್ ಗುಂಡು ಕಟ್ಟಿದ ಪ್ಲಾಸ್ಟಿಕ್ ಏಡಿಯನ್ನು ಹಾಸಿನ ಮೇಲೆ ಬಿಟ್ಟೆ. ಗುಂಡು ಹಸಿರನ್ನು ತೂರಿ ಕೆಳಗೆ ಹೋಯಿತು. ತಳ ಮುಟ್ಟುವ ಮೊದಲೇ ದಾರ ಪಕ್ಕಕ್ಕೆ ನಡೆಯಿತು.

ಎತ್ತಿದೆ. ಎದ್ದದ್ದು ಮೀನಲ್ಲ, ಸುತ್ತಲಿನ ಹಾಸೇ ಒಮ್ಮೆ ಉಬ್ಬಿತು. ಮೂರು ಸುತ್ತು ರೀಲು ತಿರುಗಿತು, ನಾಲ್ಕನೆಯದಕ್ಕೆ ನಿಂತಿತು. ನಾನೂ ನಿಂತೆ. ರಾಡ್ ಚಾಚಿ ಸುತ್ತುತ್ತಾ ಕಯಾಕನ್ನು ಅದರ ಮೇಲೆ ತಂದೆ. ಕೈ ಹಾಕುವ ಮೊದಲು ಸುತ್ತ ನೋಡಿದೆ. ಫ್ಲಾರಿಡಾದ ಕೆರೆಯಲ್ಲಿ ಮೊಸಳೆ ಜಾತಿಯ ಆಲಿಗೇಟರ್ ಇರುತ್ತದೆ, ಈ ನೋಟ ತಪ್ಪಿಸುವಂತಿಲ್ಲ. ಏನೂ ಕಾಣಲಿಲ್ಲ. ಎಡಗೈಯಲ್ಲಿ ದಾರ ಹಿಡಿದು ಬಲಗೈ ಮೊಣಕೈವರೆಗೆ ಇಳಿಸಿದೆ. ತಣ್ಣಗಿನ ನೀರು, ಕಾಂಡಗಳ ಗರಗಸದಂಥ ಎಲೆಯಂಚು. ಒಂದೊಂದೇ ಜಡೆ ಬಿಡಿಸುತ್ತಾ ಹೋದೆ. ಬೆರಳಿಗೆ ಗುಂಡು ಸಿಕ್ಕಿತು, ಆಮೇಲೆ ಕೊಕ್ಕೆಯ ಕಣ್ಣು, ಆಮೇಲೆ ಒರಟು ಕೆಳದುಟಿ.

ಕಳೆ ಕೊಡವಲು ಹೋಗಲಿಲ್ಲ. ಕೊಡವಿದರೆ ಮೀನೂ ತಲೆ ಕೊಡವುತ್ತದೆ, ಕೊಕ್ಕೆ ಕಳಚುತ್ತದೆ. ಹೆಬ್ಬೆರಳನ್ನು ಬಾಯೊಳಗಿಟ್ಟು, ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು, ಹುಲ್ಲಿನ ಹೊರೆ ಎತ್ತಿದ ಹಾಗೆ ಕಳೆ ಸಮೇತ ಮೇಲೆತ್ತಿದೆ. ಕಣ್ಣಿನ ಮೇಲಿನ ಎಳೆಗಳನ್ನು ಸರಿಸಿದಾಗ ಮೀನು ಒಮ್ಮೆ ಕಿವಿರು ಬಿಚ್ಚಿತು. ತಕ್ಕಡಿಯಲ್ಲಿ ಏಳು ಪೌಂಡು ದಾಟಿತು. ಹೊಟ್ಟೆ ತುಂಬ ಮೊಟ್ಟೆ. ಕೊಕ್ಕೆ ಬಿಡಿಸಿ, ಕಯಾಕಿನ ಪಕ್ಕದಲ್ಲಿ ನೀರೊಳಗೆ ಹಿಡಿದುಕೊಂಡೆ. ಅದರ ಬಾಲ ನನ್ನ ಮಣಿಕಟ್ಟಿಗೆ ಎರಡು ಸಲ ತಾಗಿತು. ಮೂರನೆಯ ಸಲಕ್ಕೆ ಕೈ ಬಿಟ್ಟೆ, ನಾನು ಬಿಡಿಸಿದ್ದ ಕಿಂಡಿಯಿಂದಲೇ ಚಪ್ಪರದ ಕೆಳಗೆ ಹೋಯಿತು.

ಆಮೇಲೆ ದಾರದ ಮೊದಲ ಎರಡು ಮಾರನ್ನು ಬೆರಳ ನಡುವೆ ಜಾರಿಸಿ ನೋಡಿದೆ. ಒಂದು ಕಡೆ ನಾರು ಎದ್ದಿತ್ತು. ಅಷ್ಟನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡು ಹೊಸದಾಗಿ ಗಂಟು ಕಟ್ಟಿದೆ.