ದೊಡ್ಡ ವಿನೈಲ್ ಸ್ಟಿಕ್ಕರ್ ಗುಳ್ಳೆಯಿಲ್ಲದೆ ಕೂರಲು
ದೊಡ್ಡ ವಿನೈಲ್ ಸ್ಟಿಕ್ಕರನ್ನು ಗಾಜು ಅಥವಾ ಲೋಹದ ಮೇಲೆ ಒಣದಾಗಿ ಅಂಟಿಸಬೇಡಿ. ಅರ್ಧ ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡೇ ಹನಿ ಬೆರೆಸಿ, ಶುಚಿ ಮಾಡಿದ ಮೇಲ್ಮೈಗೂ ಸ್ಟಿಕ್ಕರಿನ ಅಂಟಿನ ಬದಿಗೂ ಧಾರಾಳವಾಗಿ ಸಿಂಪಡಿಸಿ, ಆಮೇಲೆ ಕೂರಿಸಿ. ನಡುವಿನ ನೀರಿನ ಪದರ ಅಂಟು ತಕ್ಷಣ ಹಿಡಿಯದಂತೆ ತಡೆಯುವುದರಿಂದ ಸ್ಟಿಕ್ಕರನ್ನು ಜಾರಿಸಿ ಸರಿಯಾದ ಜಾಗಕ್ಕೆ ತರಬಹುದು. ಸೋಪು ಹೆಚ್ಚಾದರೆ ಅಂಟೇ ಸೋಲುತ್ತದೆ, ಆದ್ದರಿಂದ ಎರಡು ಹನಿ ಎಂದರೆ ಎರಡೇ. ನಂತರ ಮೆತ್ತನೆಯ ಬಟ್ಟೆ ಸುತ್ತಿದ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ನೀರನ್ನೆಲ್ಲ ಹೊರಗೆ ತಳ್ಳಿ. ಇಲ್ಲಿ ಅವಸರ ಬೇಡವೇ ಬೇಡ: ಅಂಚಿನಲ್ಲಿ ನೀರು ಉಳಿದರೆ ಮೂಲೆಗಳು ಮೇಲೇಳುತ್ತವೆ. ಉಳಿದ ಗುಳ್ಳೆಯನ್ನು ತೆಳು ಸೂಜಿಯಿಂದ ಚುಚ್ಚಿ ಒತ್ತಿದರೆ ಸಾಕು. ಕನಿಷ್ಠ ಒಂದು ದಿನ ತೊಳೆಯಬೇಡಿ. ಕಾಗದದ ಸ್ಟಿಕ್ಕರಿಗೆ, ಒರಟು ಗೋಡೆಗೆ, ಪಾಲಿಶ್ ಇಲ್ಲದ ಮರಕ್ಕೆ ಈ ಉಪಾಯ ನಡೆಯದು. ಅವು ನೀರನ್ನು ಹೀರಿಕೊಳ್ಳುತ್ತವೆ. ಅಂಟಿನ ಬದಿಯಲ್ಲಿ ಗಾಳಿ ಹೊರಹೋಗಲು ಸೂಕ್ಷ್ಮ ಗೀರುಗಳಿರುವ ವಿನೈಲ್ ಆದರೆ ಒಣದಾಗಿಯೇ ಅಂಟಿಸಿ. ನೀರು ಆ ಗೀರುಗಳಲ್ಲೇ ಸಿಕ್ಕಿಕೊಳ್ಳುತ್ತದೆ.